ಚೀನೀ ಸಂಬಂಧಗಳಲ್ಲಿ ತಾವೋ: ಲೆಕ್ಕ ಇಟ್ಟುಕೊಂಡೂ ವಸೂಲಿಗೆ ಹೋಗದ ಜಾಣ್ಮೆ

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಸಣ್ಣ ಘಟಕವಿದೆ. ಆರು ವರ್ಷದಿಂದ ಚೀನಾದ ಫೋಶಾನ್‌ನ ಒಂದು ಕಾರ್ಖಾನೆಯಿಂದ ಎಲ್‌ಇಡಿ ದೀಪದ ಅಲ್ಯೂಮಿನಿಯಂ ಕವಚ ತರಿಸುತ್ತಿದ್ದೇನೆ. ಹೋದಾಗಲೆಲ್ಲ ಮಾಲೀಕರು ಮನೆಯವರಂತೆ ನೋಡಿಕೊಳ್ಳುತ್ತಾರೆ, ಊಟ ಹಾಕಿಸುತ್ತಾರೆ, ಚಹಾ ಪೊಟ್ಟಣ ಕೊಟ್ಟು ಕಳಿಸುತ್ತಾರೆ. ಕಳೆದ ಸಲದ ಮಾಲಿನಲ್ಲಿ ಬಣ್ಣ ಕಿತ್ತು ಬರುತ್ತಿತ್ತು. ಎರಡೂ ಕಡೆಯ ಸಿಬ್ಬಂದಿ ಇರುವ ವೀಚಾಟ್ ಗುಂಪಿನಲ್ಲಿ ಫೋಟೊ ಹಾಕಿ ಹಣ ವಾಪಸ್ ಕೇಳಿದೆ. ‘ನೋಡೋಣ’ ಎಂದರು, ಅಷ್ಟೆ. ಅಲ್ಲಿಂದ ಮಾತು ತಣ್ಣಗಾಗಿದೆ. ಚೀನೀಯರ ಸಂಬಂಧಗಳ ಜಾಲದ ಹಿಂದೆ ತಾವೋ ತತ್ವವಿದೆ ಎಂದು ಓದಿದೆ. ಇದು ಎಷ್ಟು ನಿಜ? ಅದನ್ನು ತಿಳಿದುಕೊಂಡರೆ ಈ ಗಂಟು ಬಿಚ್ಚಲು ಸಹಾಯವಾದೀತೆ?

ಉತ್ತರ: ನೀವು ಓದಿದ ಮಾತು ಅರ್ಧ ನಿಜ. ಚೀನಾದಲ್ಲಿ ‘ಗ್ವಾನ್‌ಶಿ’ ಎನ್ನುವ ಈ ಜಾಲವನ್ನು ಕಟ್ಟಿದ್ದು ತಾವೋ (‘ದಾರಿ’ ಎಂಬ ಅರ್ಥದ, ಸಹಜವಾಗಿ ಬದುಕು ಎನ್ನುವ ಚೀನಾದ ಹಳೆಯ ಚಿಂತನೆ) ಅಲ್ಲ, ಕನ್ಫ್ಯೂಷಿಯಸ್‌ನ ಪರಂಪರೆ. ದೊರೆ ಮತ್ತು ಪ್ರಜೆ, ತಂದೆ ಮತ್ತು ಮಗ, ಗಂಡ ಮತ್ತು ಹೆಂಡತಿ, ಅಣ್ಣ ಮತ್ತು ತಮ್ಮ, ಗೆಳೆಯ ಮತ್ತು ಗೆಳೆಯ ಎಂಬ ಐದು ಸಂಬಂಧಗಳು, ಒಂದೊಂದಕ್ಕೂ ಅದರದೇ ಕರ್ತವ್ಯ, ಅದರದೇ ನಡಾವಳಿ. ಇದು ಜಾಲದ ಹಂದರ. ಸಮಾಜಶಾಸ್ತ್ರಜ್ಞ ಫೇ ಶ್ಯಾವ್‌ತುಂಗ್ 1940ರ ದಶಕದ ಕೊನೆಯಲ್ಲಿ ಇದನ್ನು ನೀರಿಗೆ ಕಲ್ಲೆಸೆದಾಗ ಏಳುವ ಉಂಗುರಗಳ ಚಿತ್ರದಲ್ಲಿ ವಿವರಿಸಿದರು. ನಡುವೆ ನಾನು, ಹತ್ತಿರದ ಉಂಗುರದಲ್ಲಿ ಮನೆಯವರು, ಅದರಾಚೆ ನೆಂಟರು, ಒಂದೇ ಊರಿನವರು, ಸಹಪಾಠಿಗಳು. ಹೊರಗೆ ಹೋದಷ್ಟೂ ಹೊಣೆ ತೆಳುವಾಗುತ್ತದೆ. ಆರು ವರ್ಷದಲ್ಲಿ ನೀವು ಒಂದೆರಡು ಉಂಗುರ ಒಳಗೆ ಸರಿದಿದ್ದೀರಿ. ಊಟ, ಚಹಾ ಅದರ ಗುರುತು.

ತಾವೋ ಮಾಡಿದ ಕೆಲಸ ಬೇರೆ. ಈ ಜಾಲ ಬಿಗಿದು ಉಸಿರು ಕಟ್ಟದಂತೆ ಅದರಲ್ಲಿ ಸಡಿಲ ಉಳಿಸಿದ್ದು ಅದು. ಯಾರಿಗೆ ಏನು ಮಾಡಬೇಕು ಎಂಬುದನ್ನು ಕನ್ಫ್ಯೂಷಿಯಸ್‌ನ ಅನುಯಾಯಿಗಳು ಹೇಳಿದರು. ಎಲ್ಲಿ ನಿಲ್ಲಿಸಬೇಕು, ಯಾವಾಗ ಕೇಳಬಾರದು, ಎಷ್ಟು ಹತ್ತಿರ ಹೋಗಬಾರದು, ಯಾವಾಗ ಎದ್ದು ಹೊರಡಬೇಕು ಎಂಬುದನ್ನು ಹೇಳಿದ್ದು ತಾವೋ ಚಿಂತಕರು. ನಿಮ್ಮ ತೊಂದರೆ ಇರುವುದು ಈ ಎರಡನೆಯ ಭಾಗದಲ್ಲಿ.

ಹಾಗೆಂದು ಮಾಲೀಕರನ್ನು ‘ನೀವು ತಾವೋ ಪಂಥದವರೇ’ ಎಂದು ಕೇಳಿದರೆ ಬಹುಶಃ ನಕ್ಕುಬಿಡುತ್ತಾರೆ. ಹೆಚ್ಚಿನ ಚೀನೀಯರು ತಮ್ಮನ್ನು ಹಾಗೆ ಗುರುತಿಸಿಕೊಳ್ಳುವುದಿಲ್ಲ. ಅದು ದಿನಬಳಕೆಯ ಮಾತಿನಲ್ಲಿ, ಗಾದೆಯಲ್ಲಿ, ಕಚೇರಿ ಗೋಡೆಗೆ ತೂಗುಹಾಕಿದ ಕುಂಚದ ಬರಹದಲ್ಲಿ ಬೆರೆತುಹೋಗಿದೆ. ಫೋಶಾನ್‌ನ ಆ ಕಚೇರಿಯ ಗೋಡೆಯ ಮೇಲೂ ನಾಲ್ಕು ದೊಡ್ಡ ಅಕ್ಷರಗಳಿದ್ದರೆ ಅದು ‘ಅತ್ಯುತ್ತಮ ಒಳಿತು ನೀರಿನಂತೆ’ ಎಂಬ, ತಾವೋ ಪರಂಪರೆಯ ಆದಿಗುರು ಲಾವೋತ್ಸೆಯ ಮಾತಾಗಿರುವ ಸಾಧ್ಯತೆ ಹೆಚ್ಚು. ಇಲ್ಲವೇ ‘ಪೆದ್ದನಂತಿರುವುದು ಸುಲಭವಲ್ಲ’ ಎಂಬ ಅರ್ಥದ, 1751ರಲ್ಲಿ ಶಾನ್‌ಡಾಂಗ್‌ನ ಒಂದು ತಾಲ್ಲೂಕಿನ ಅಧಿಕಾರಿಯಾಗಿದ್ದ ಚಿತ್ರಕಾರ ಚಂಗ್ ಬಾನ್‌ಚ್ಯಾವ್ ಬರೆದದ್ದು. ಕೆಳಗೆ ಸಣ್ಣ ಅಕ್ಷರದಲ್ಲಿ ಆತ ಸೇರಿಸಿದ ಸಾಲು ಇನ್ನೂ ಮುಖ್ಯ: ಒಂದು ಪಟ್ಟು ಬಿಡು, ಒಂದು ಹೆಜ್ಜೆ ಹಿಂದೆ ಸರಿ, ಆ ಕ್ಷಣವೇ ಮನಸ್ಸು ನಿರಾಳ, ಮುಂದೆ ಫಲ ಬರಲೆಂದು ಅಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಲಾವೋತ್ಸೆಯ ಹೆಸರಿನಲ್ಲಿರುವ ‘ತಾವೋ ತೆ ಚಿಂಗ್’ 81 ಅಧ್ಯಾಯಗಳ, ಸುಮಾರು 5,000 ಅಕ್ಷರಗಳ ಪುಟ್ಟ ಗ್ರಂಥ. ನೀರು, ಶೂನ್ಯ, ನಿಷ್ಕ್ರಿಯೆ ಎಂದು ಎಲ್ಲರೂ ಉದ್ಧರಿಸುವ ಅಧ್ಯಾಯಗಳ ನಡುವೆ 79ನೆಯದು ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ನೇರವಾಗಿ ಸಾಲ, ಹಗೆ, ವಸೂಲಿಯ ಬಗ್ಗೆ ಮಾತಾಡುತ್ತದೆ. ಆ ಕಾಲದಲ್ಲಿ ಸಾಲದ ಕರಾರನ್ನು ಬಿದಿರಿನ ಅಥವಾ ಮರದ ಪಟ್ಟಿಯ ಮೇಲೆ ಕೆತ್ತಿ ಎರಡು ಹೋಳು ಮಾಡುತ್ತಿದ್ದರು. ಎಡಗಡೆಯ ಹೋಳು ಕೊಟ್ಟವನ ಹತ್ತಿರ, ಬಲಗಡೆಯದು ಪಡೆದವನ ಹತ್ತಿರ. ವಸೂಲಿಯ ದಿನ ಎರಡನ್ನೂ ಕೂಡಿಸಿ ನೋಡುತ್ತಿದ್ದರು. ಲಾವೋತ್ಸೆ ಹೇಳುವುದು ಇಷ್ಟು: ದೊಡ್ಡ ಹಗೆಯನ್ನು ರಾಜಿ ಮಾಡಿಸಿದರೂ ಕೊಂಚ ಹಗೆ ಉಳಿದೇ ಉಳಿಯುತ್ತದೆ, ಆದ್ದರಿಂದ ತಿಳಿದವನು ಎಡಗಡೆಯ ಹೋಳನ್ನು ಹಿಡಿದಿರುತ್ತಾನೆ, ಆದರೆ ಅದನ್ನು ತೋರಿಸಿ ಯಾರನ್ನೂ ಪೀಡಿಸುವುದಿಲ್ಲ.

ಇಲ್ಲಿ ಗಮನಿಸಬೇಕಾದದ್ದು, ಆತ ಹೋಳನ್ನು ಸುಡುವುದಿಲ್ಲ. ಸಾಲ ಮನ್ನಾ ಮಾಡುವುದಿಲ್ಲ, ಮರೆಯುವುದೂ ಇಲ್ಲ. ಸಾಲ ಜೀವಂತವಾಗಿರುತ್ತದೆ, ಇಬ್ಬರಿಗೂ ಗೊತ್ತಿರುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ. ಚೀನೀಯರು ‘ರೆನ್‌ಚಿಂಗ್’ ಎನ್ನುವ ಉಪಕಾರದ ಋಣ ನಡೆಯುವುದು ಸರಿಯಾಗಿ ಹೀಗೆ. ನಮ್ಮ ಮದುವೆಮನೆಯ ಮುಯ್ಯಿಯನ್ನು ನೆನೆಯಿರಿ: ಯಾರು ಎಷ್ಟು ಮುಯ್ಯಿ ಮಾಡಿದರೆಂದು ಪುಸ್ತಕದಲ್ಲಿ ಬರೆದಿಡುತ್ತೇವೆ, ಅವರ ಮನೆಯ ಮದುವೆಗೆ ಅದನ್ನು ನೋಡಿಕೊಂಡೇ ಹೋಗುತ್ತೇವೆ, ಆದರೆ ‘ನಿಮ್ಮದು ಇಷ್ಟು ಬಾಕಿ’ ಎಂದು ಯಾರ ಮನೆ ಬಾಗಿಲಿಗೂ ಹೋಗುವುದಿಲ್ಲ. ಚೀನಾದ ಹಳ್ಳಿಗಳಲ್ಲೂ ಮದುವೆ, ಸಾವು, ಮನೆ ಕಟ್ಟುವ ಹೊತ್ತಿನಲ್ಲಿ ಪುಸ್ತಕದಲ್ಲಿ ಹೆಸರು, ಮೊತ್ತ ಬರೆದಿಡುವ ರೂಢಿಯಿದೆ. ಹಿಂದಿರುಗಿಸುವಾಗ ಮೂರು ನಿಯಮ. ಬಂದದ್ದಕ್ಕಿಂತ ಸ್ವಲ್ಪ ಹೆಚ್ಚಿರಬೇಕು. ತಕ್ಷಣ ಹಿಂದಿರುಗಿಸಬಾರದು. ಬಂದಷ್ಟನ್ನೇ ಸರಿಯಾಗಿ ಎಣಿಸಿ ಕೊಡಬಾರದು, ಏಕೆಂದರೆ ಲೆಕ್ಕ ಚುಕ್ತಾ ಆದರೆ ಸಂಬಂಧವೂ ಚುಕ್ತಾ ಆಯಿತೆಂದೇ ಅರ್ಥ. ಚೀನಾಕ್ಕೆ ಹೋಗುವ ನಮ್ಮವರು ಪದೇ ಪದೇ ಎಡವುವುದು ಇಲ್ಲೇ. ಫೋಶಾನ್‌ನವರು ಊಟ ಹಾಕಿಸಿದರೆ ಮರುದಿನವೇ ಅಷ್ಟೇ ಬೆಲೆಯ ಊಟ ಹಾಕಿಸಿಬಿಡುತ್ತಾರೆ. ಋಣ ಇಟ್ಟುಕೊಳ್ಳಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ. ಎದುರಿನವರಿಗೆ ಮಾತ್ರ ‘ನಿಮ್ಮ ಹಂಗು ನನಗೆ ಬೇಡ’ ಎಂದು ಕೇಳಿಸುತ್ತದೆ.

ಹೋಳನ್ನು ಸುಟ್ಟರೆ ಏನಾಗುತ್ತದೆ ಎಂಬುದಕ್ಕೂ ಪ್ರಸಿದ್ಧ ಪ್ರಸಂಗವಿದೆ. ಕ್ರಿ.ಪೂ. 3ನೆಯ ಶತಮಾನದಲ್ಲಿ ಚಿ ರಾಜ್ಯದ ಮಂಗ್‌ಚಾಂಗ್ ಪ್ರಭು ತನ್ನ ಆಶ್ರಿತ ಫಂಗ್ ಶ್ವಾನ್‌ನನ್ನು ಶ್ವೆ ಊರಿಗೆ ಸಾಲ ವಸೂಲಿಗೆ ಕಳಿಸಿದ. ಅವನು ಹೋಳುಗಳನ್ನು ಕೂಡಿಸಿ ನೋಡಿ, ಎಲ್ಲರೆದುರು ಬೆಂಕಿಗೆ ಹಾಕಿ ಬಂದ. ಮುಂದೆ ಪ್ರಭು ಪದವಿ ಕಳೆದುಕೊಂಡು ಊರಿಗೆ ಮರಳಿದಾಗ ಜನ ಮುದುಕರನ್ನು ಆತುಕೊಂಡು, ಮಕ್ಕಳನ್ನು ಕರೆದುಕೊಂಡು ದಾರಿಗೆ ಬಂದು ಎದುರುಗೊಂಡರು. ಇದು ಜಾಣ ರಾಜಕೀಯ, ತಾವೋ ಅಲ್ಲ. ಎಲ್ಲರೆದುರು ಸುಟ್ಟಾಗ ಸಣ್ಣ ಸಾಲ ಹೋಗಿ ದೊಡ್ಡ ಋಣ ಹುಟ್ಟಿತು. ಲಾವೋತ್ಸೆಯ ಮನುಷ್ಯ ಎಲ್ಲರೆದುರು ಸುಡುವುದೂ ಇಲ್ಲ, ಎಲ್ಲರೆದುರು ತೋರಿಸುವುದೂ ಇಲ್ಲ.

ನೀವು ಗುಂಪಿನಲ್ಲಿ ಫೋಟೊ ಹಾಕಿದಾಗ ಆದದ್ದು ಈ ‘ಎಲ್ಲರೆದುರು’. ನಿಮ್ಮ ಬೇಡಿಕೆ ನ್ಯಾಯವಾದದ್ದೇ. ಆದರೆ ಹೋಳನ್ನು ಅವರ ನೌಕರರ ಮುಂದೆ ಎತ್ತಿ ಹಿಡಿದಿರಿ. 1987ರಲ್ಲಿ ತೈವಾನ್‌ನ ಮನಶ್ಶಾಸ್ತ್ರಜ್ಞ ಹ್ವಾಂಗ್ ಕ್ವಾಂಗ್‌ಕುವೊ ಸಂಬಂಧಗಳನ್ನು ಮೂರಾಗಿ ವಿಂಗಡಿಸಿದರು: ಮನೆಯವರ ನಡುವಿನದು, ಅಂಗಡಿಯವನ ಜತೆಗಿನ ಬರೀ ವ್ಯವಹಾರದ್ದು, ಇವೆರಡರ ನಡುವಿನ ಬೆರಕೆಯದು. ಮೊದಲನೆಯದರಲ್ಲಿ ಯಾರಿಗೆ ಏನು ಬೇಕೋ ಅದು ಸಿಗುತ್ತದೆ, ಎರಡನೆಯದರಲ್ಲಿ ಕೊಟ್ಟಷ್ಟಕ್ಕೆ ಅಷ್ಟು. ಉಪಕಾರದ ಋಣ, ಮಾನ ಮರ್ಯಾದೆ ಕೆಲಸ ಮಾಡುವುದು ಮೂರನೆಯದರಲ್ಲಿ. ನಿಮ್ಮದು ಮೂರನೆಯದು, ನೀವು ಎರಡನೆಯದರ ನಿಯಮ ಹಿಡಿದಿರಿ.

ಇನ್ನೊಬ್ಬ ದೊಡ್ಡ ತಾವೋ ಚಿಂತಕ ಚುವಾಂಗ್‌ತ್ಸೆಯ ಹೆಸರಿನ ಗ್ರಂಥದ 4ನೆಯ ಅಧ್ಯಾಯದಲ್ಲಿ ಒಬ್ಬ ಕುದುರೆಪ್ರೇಮಿ ಬರುತ್ತಾನೆ. ಕುದುರೆಯ ಲದ್ದಿಗೆ ಬುಟ್ಟಿ ಹಿಡಿಯುತ್ತಾನೆ, ಉಚ್ಚೆಗೆ ದೊಡ್ಡ ಚಿಪ್ಪು ಹಿಡಿಯುತ್ತಾನೆ. ಅಷ್ಟು ಪ್ರೀತಿ. ಒಂದು ದಿನ ಕುದುರೆಯ ಮೈಮೇಲೆ ಸೊಳ್ಳೆ ಕೂತಿತೆಂದು ಫಟ್ಟನೆ ಹೊಡೆದ. ಅದು ಬೆಚ್ಚಿ ಕಡಿವಾಣ ಕಿತ್ತುಕೊಂಡು, ತಲೆ ಎದೆ ಒಡೆದುಕೊಂಡಿತು. ಸೊಳ್ಳೆ ನಿಜ, ಹೊಡೆದದ್ದೂ ಒಳ್ಳೆಯದಕ್ಕೇ; ಹೊತ್ತು ತಪ್ಪಿತ್ತು. ತಾವೋ ಚಿಂತಕರ ‘ವು ವೇ’ ಎಂದರೆ ಕೈಕಟ್ಟಿ ಕೂರುವುದೆಂದು ತುಂಬ ಜನ ತಿಳಿದಿದ್ದಾರೆ. ಅದು ತಪ್ಪು. ಹೊತ್ತು, ಜಾಗ, ಎದುರಿನವನ ಸ್ಥಿತಿ ನೋಡದೆ ಬಲವಂತ ಮಾಡದಿರುವುದು ಅದರ ಅರ್ಥ. ಅದೇ ಗ್ರಂಥದ ಅಡುಗೆಯವನು ತಿಂಗ್ 19 ವರ್ಷ ಒಂದೇ ಕತ್ತಿಯಲ್ಲಿ ಸಾವಿರಾರು ಎತ್ತುಗಳನ್ನು ಕೊಯ್ದರೂ ಅಲಗು ಮೊಂಡಾಗಲಿಲ್ಲ, ಏಕೆಂದರೆ ಅವನು ಮೂಳೆಗೆ ಹೊಡೆಯದೆ ಕೀಲಿನ ಸಂದು ಹುಡುಕುತ್ತಿದ್ದ. ಅವನು ಕೆಲಸ ಮಾಡಲಿಲ್ಲವೆಂದು ಯಾರೂ ಹೇಳಲಾರರು.

ಲೆಕ್ಕವಿಟ್ಟೂ ಕೇಳದಿರುವುದು ತಾವೋದ ಮೊದಲ ಕೊಡುಗೆಯಾದರೆ, ಎರಡನೆಯ ದೊಡ್ಡ ಕೊಡುಗೆ ಗೆಳೆತನದ ಹದದ ಬಗ್ಗೆ. ಚುವಾಂಗ್‌ತ್ಸೆಯ 20ನೆಯ ಅಧ್ಯಾಯದ ಒಂದು ಸಾಲು ಇಂದಿಗೂ ಚೀನೀಯರ ನಾಲಿಗೆಯ ಮೇಲಿದೆ: ಸಜ್ಜನರ ಗೆಳೆತನ ನೀರಿನಷ್ಟು ಸಪ್ಪೆ, ಅಲ್ಪರದು ಸಿಹಿಮದ್ಯದಷ್ಟು ಸಿಹಿ, ಸಪ್ಪೆಯಾದದ್ದು ಹತ್ತಿರ ತರುತ್ತದೆ, ಸಿಹಿಯಾದದ್ದು ಮುರಿಯುತ್ತದೆ. ಸಾಲು ಎಲ್ಲರಿಗೂ ಗೊತ್ತು, ಅದು ಬಂದ ಸಂದರ್ಭ ಅಷ್ಟು ಗೊತ್ತಿಲ್ಲ. ಕಷ್ಟಕ್ಕೆ ಸಿಲುಕಿದ ಮೇಲೆ ಗೆಳೆಯರೂ ಶಿಷ್ಯರೂ ದೂರವಾದರೆಂದು ಕನ್ಫ್ಯೂಷಿಯಸ್ ಕೊರಗುತ್ತ ಕಾರಣ ಕೇಳುತ್ತಾನೆ. ಉತ್ತರವಾಗಿ ಅವನಿಗೆ ಲಿನ್ ಹುಯಿ ಎಂಬವನ ಕಥೆ ಸಿಗುತ್ತದೆ. ಊರು ಬಿಟ್ಟು ಓಡುವಾಗ ಲಿನ್ ಹುಯಿ ಸಾವಿರ ಹೊನ್ನಿನ ಹಸಿರುಶಿಲೆಯ ಬಿಲ್ಲೆಯನ್ನು ಎಸೆದು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಹೊರಟ. ದುಡ್ಡಿನ ಲೆಕ್ಕದಲ್ಲಿ ಕೂಸಿಗೆ ಬೆಲೆಯಿಲ್ಲ, ಹೊರೆಯ ಲೆಕ್ಕದಲ್ಲಿ ಕೂಸೇ ಭಾರ, ಮತ್ತೇಕೆ ಎಂದು ಕೇಳಿದರೆ ಅವನೆಂದ: ಅದು ಲಾಭದಿಂದ ಕೂಡಿಕೊಂಡದ್ದು, ಇದು ಸಹಜವಾಗಿ ಸೇರಿದ್ದು. ಲಾಭದಿಂದ ಕೂಡಿದವರು ಆಪತ್ತಿನಲ್ಲಿ ಒಬ್ಬರನ್ನೊಬ್ಬರು ಬಿಸಾಡುತ್ತಾರೆ, ಸಹಜವಾಗಿ ಸೇರಿದವರು ಒಬ್ಬರನ್ನೊಬ್ಬರು ಎತ್ತಿಕೊಳ್ಳುತ್ತಾರೆ.

ಇದನ್ನು ಓದಿ ‘ಚೀನೀಯರು ಅತಿ ಆದರದವರನ್ನು ನಂಬುವುದಿಲ್ಲ’ ಎಂದು ಹಿಗ್ಗಿಸಿ ಹೇಳುವುದು ಸರಿಯಲ್ಲ. ಭಾರೀ ಔತಣ, ಲೋಟದ ಮೇಲೆ ಲೋಟ ಮದ್ಯ ಅಲ್ಲಿ ಬೇಕಾದಷ್ಟಿದೆ. ಆದರೆ ಸಪ್ಪೆಯಾದದ್ದನ್ನು ಮೆಚ್ಚುವ ಒಂದು ರುಚಿ ಒಳಗೆ ಇದ್ದೇ ಇದೆ, ಅದು ಚಹಾದ ಮೇಜಿನಲ್ಲಿ ಕಣ್ಣಿಗೆ ಕಾಣುತ್ತದೆ. ಗ್ವಾಂಗ್‌ಡಾಂಗ್‌ನ ಪೂರ್ವದ ಚಾವ್‌ಜೌ ಕಡೆಯ ಕ್ರಮವನ್ನೇ ನೋಡಿ. ಸುಮಾರು 100 ಮಿಲಿಲೀಟರ್ ಹಿಡಿಸುವ ಮುಚ್ಚಳದ ಬಟ್ಟಲಿಗೆ 7ರಿಂದ 8 ಗ್ರಾಂ ಎಲೆ, ಕುದಿಯುವ ನೀರು, ಮೊದಲ ಬಸಿಯನ್ನು ಕಪ್ ತೊಳೆಯಲು ಚೆಲ್ಲಿ, ಆಮೇಲಿನದನ್ನು ಕೆಲವೇ ಸೆಕೆಂಡಿನಲ್ಲಿ ಬಸಿಯುತ್ತಾರೆ. ಐದಾರು ಜನ ಕೂತಿದ್ದರೂ ಕಪ್ ಮೂರೇ. ಹಾಗಾಗಿ ಪ್ರತಿ ಸುತ್ತಿನಲ್ಲೂ ಯಾರೋ ಬಿಟ್ಟುಕೊಡಬೇಕು, ‘ನೀವು ತೆಗೆದುಕೊಳ್ಳಿ’ ಎನ್ನಬೇಕು. ಕಪ್ಪನ್ನು ಹತ್ತರಲ್ಲಿ ಏಳು ಭಾಗ ಮಾತ್ರ ತುಂಬುತ್ತಾರೆ. ಅಂಚಿನವರೆಗೆ ತುಂಬಿದರೆ ಬಿಸಿಗೆ ಹಿಡಿಯಲಾಗದು, ಬೇಗ ಕುಡಿದು ಎದ್ದುಹೋಗು ಎಂದಂತಾಗುತ್ತದೆ. ಖಾಲಿ ಬಿಟ್ಟ ಮೂರು ಭಾಗ ಪ್ರೀತಿಗೆಂದು ಮಾತಿದೆ. ನಿಮಗೆ ಸುರಿದಾಗ ಎರಡು ಬೆರಳಿನಿಂದ ಮೇಜನ್ನು ಮೆಲ್ಲಗೆ ತಟ್ಟಿದರೆ ಸಾಕು, ಧನ್ಯವಾದ ಹೇಳಿದಂತೆ; ಮಾತು ತುಂಡಾಗುವುದಿಲ್ಲ. ವ್ಯವಹಾರದ ವಿಷಯ ಮೊದಲ ಸುತ್ತುಗಳಲ್ಲಿ ಬರುವುದಿಲ್ಲ. ಅಲ್ಲಿ ಕೂತು ಗಡಿಯಾರ ನೋಡಿಕೊಳ್ಳುವವರು ಮುಖ್ಯ ಮಾತು ಶುರುವಾಗುವ ಮೊದಲೇ ಎದ್ದುಬಿಟ್ಟಿರುತ್ತಾರೆ.

ಸಪ್ಪೆ ಗೆಳೆತನವೆಂದರೆ ಎಲ್ಲದಕ್ಕೂ ಹೂಂ ಎನ್ನುವುದೆಂದು ಭಾವಿಸಬೇಡಿ. ಚುವಾಂಗ್‌ತ್ಸೆಗೆ ಜೀವಮಾನದ ಗೆಳೆಯನಾಗಿದ್ದ ಹುಯಿ ಶಿ, ಅವನ ಪ್ರತಿಯೊಂದು ಮಾತನ್ನೂ ತರ್ಕದಿಂದ ಅಲ್ಲಗಳೆಯುತ್ತಿದ್ದವನು. ಅವನ ಗೋರಿಯ ಬಳಿ ಚುವಾಂಗ್‌ತ್ಸೆ ಹೇಳಿದ ಕಥೆ: ಒಬ್ಬನ ಮೂಗಿನ ತುದಿಗೆ ನೊಣದ ರೆಕ್ಕೆಯಷ್ಟು ತೆಳುವಾಗಿ ಸುಣ್ಣ ಮೆತ್ತಿತ್ತು. ಬಡಗಿ ಶಿ ಕೊಡಲಿ ಬೀಸಿ ಮೂಗಿಗೆ ತಾಕದಂತೆ ಸುಣ್ಣ ಹಾರಿಸಿದ. ಸುಣ್ಣ ಮೆತ್ತಿದ್ದವನು ಮಿಸುಕದೆ ನಿಂತಿದ್ದ. ದೊರೆ ಕರೆಸಿ, ಇನ್ನೊಮ್ಮೆ ಮಾಡಿ ತೋರಿಸು ಎಂದಾಗ ಬಡಗಿಯೆಂದ: ಹಿಂದೆ ಮಾಡುತ್ತಿದ್ದೆ, ಆದರೆ ಮಿಸುಕದೆ ನಿಲ್ಲುತ್ತಿದ್ದವನು ಸತ್ತು ಬಹಳ ಕಾಲವಾಯಿತು. ಹುಯಿ ಶಿ ಹೋದ ಮೇಲೆ ತನಗೂ ಮಾತಾಡಲು ಯಾರೂ ಉಳಿದಿಲ್ಲ ಎನ್ನುತ್ತಾನೆ ಚುವಾಂಗ್‌ತ್ಸೆ. ಇಬ್ಬರೇ ಇದ್ದಾಗ ಕೊಡಲಿ ಬೀಸುವಷ್ಟು ನೇರವಾಗಿ ಮಾತಾಡುವ ಸ್ವಾತಂತ್ರ್ಯ ಈ ಗೆಳೆತನದ ತಿರುಳು. ನಿಮ್ಮ ಮಾಲೀಕರ ಜತೆ ಅಂಥ ನೇರ ಮಾತು ಸಾಧ್ಯ, ಸಾಕ್ಷಿಗಳಿಲ್ಲದಿದ್ದರೆ.

ಮೂರನೆಯದು ಹಿಂದೆ ಸರಿಯುವುದು. ‘ಕೆಲಸ ಮುಗಿದ ಮೇಲೆ ಸರಿದುಕೊ’ ಎಂಬುದು ಲಾವೋತ್ಸೆಯ 9ನೆಯ ಅಧ್ಯಾಯ. ಇದಕ್ಕೆ ಚೀನೀಯರು ಕೊಡುವ ಉದಾಹರಣೆ ಫಾನ್ ಲಿ. ಯ್ವೆ ರಾಜ್ಯದ ದೊರೆಗೆ ವೂ ರಾಜ್ಯವನ್ನು ಕ್ರಿ.ಪೂ. 473ರಲ್ಲಿ ಗೆಲ್ಲಿಸಿಕೊಟ್ಟ ಮಂತ್ರಿ. ಗೆದ್ದ ಕೂಡಲೇ ಪದವಿ ಬಿಟ್ಟು ಹೊರಟ. ಜತೆಗಾರ ವೆನ್ ಚೊಂಗ್‌ಗೆ, ಹಕ್ಕಿಗಳು ಮುಗಿದ ಮೇಲೆ ಬಿಲ್ಲು ಅಟ್ಟ ಸೇರುತ್ತದೆ, ಮೊಲ ಸತ್ತ ಮೇಲೆ ಬೇಟೆನಾಯಿ ಪಾತ್ರೆ ಸೇರುತ್ತದೆ ಎಂದು ಪತ್ರ ಬರೆದ. ವೆನ್ ಚೊಂಗ್ ಉಳಿದ; ಅದೇ ದೊರೆ ಅವನಿಗೆ ಕತ್ತಿ ಕಳಿಸಿ ಪ್ರಾಣ ಬಿಡುವಂತೆ ಮಾಡಿದ. ಫಾನ್ ಲಿ ವ್ಯಾಪಾರಿಯಾಗಿ 19 ವರ್ಷದಲ್ಲಿ ಮೂರು ಸಲ ಸಾವಿರ ಹೊನ್ನು ಗಳಿಸಿ, ಎರಡು ಸಲ ಬಡ ಗೆಳೆಯರಿಗೂ ದೂರದ ನೆಂಟರಿಗೂ ಹಂಚಿಬಿಟ್ಟನೆಂದು ಇತಿಹಾಸಕಾರ ಸೀಮಾ ಚ್ಯೆನ್ ದಾಖಲಿಸಿದ್ದಾನೆ. ಇಂದಿಗೂ ವ್ಯಾಪಾರಿಗಳು ಅವನನ್ನು ತಮ್ಮ ಕುಲಪುರುಷನೆಂದು ಪೂಜಿಸುತ್ತಾರೆ. ಸಂಬಂಧವನ್ನು ಅದು ಕೊಡಬಲ್ಲ ಕೊನೆಯ ಹನಿಯವರೆಗೆ ಹಿಂಡಬಾರದು ಎಂಬ ವಿವೇಕ ಇಲ್ಲಿಂದ ಬಂದದ್ದು. ಚೌಕಾಸಿಯಲ್ಲಿ ಎದುರಿನವರಿಗೆ ಉಳಿಯುವ ಲಾಭವನ್ನೂ ಕಿತ್ತುಕೊಂಡರೆ, ಆ ಸಲಕ್ಕೆ ಒಪ್ಪಿಕೊಂಡು ಮುಂದಿನ ಮಾಲಿನಲ್ಲಿ ಬಣ್ಣದ ದಪ್ಪವನ್ನೋ ಲೋಹದ ದಪ್ಪವನ್ನೋ ಸದ್ದಿಲ್ಲದೆ ಇಳಿಸುತ್ತಾರೆ. ನಿಮ್ಮ ಕವಚದ ಬಣ್ಣ ಕಿತ್ತು ಬರುವ ಮೊದಲು ಬೆಲೆ ಗಟ್ಟಿಯಾಗಿ ಇಳಿಸಿಕೊಂಡಿದ್ದಿರಾ ಎಂದು ಹಳೆಯ ಬಿಲ್‌ಗಳನ್ನು ಒಮ್ಮೆ ನೋಡಿ.

ತಾವೋ ಎಂದರೆ ಬರೀ ತತ್ವವಲ್ಲ, ಧರ್ಮವೂ ಹೌದು, ಆ ಧರ್ಮ ತಾನೇ ಜಾಲಗಳನ್ನು ಕಟ್ಟಿದೆ. ಕ್ರಿ.ಶ. 142ರಲ್ಲಿ ಚಾಂಗ್ ದಾವ್‌ಲಿಂಗ್ ಸಿಚುವಾನ್‌ನಲ್ಲಿ ಆರಂಭಿಸಿದ ದೇವಗುರು ಪಂಥ 24 ವಲಯಗಳಾಗಿ ಹರಡಿತ್ತು. ಪಂಥಕ್ಕೆ ಸೇರುವವರು ಕೊಡಬೇಕಾದದ್ದು ಐದು ‘ದೌ’ ಅಕ್ಕಿ, ನಮ್ಮ ಲೆಕ್ಕದಲ್ಲಿ ಸುಮಾರು 10 ಲೀಟರ್. ಅವನ ಮೊಮ್ಮಗ ಚಾಂಗ್ ಲೂ ದಾರಿಯುದ್ದಕ್ಕೂ ಧರ್ಮಛತ್ರ ಕಟ್ಟಿಸಿ ಅಕ್ಕಿ, ಮಾಂಸ ಇಡಿಸಿದ. ದಾರಿಹೋಕರು ಹಸಿವಿಗೆ ಬೇಕಾದಷ್ಟು ತೆಗೆದುಕೊಳ್ಳಬಹುದು, ಹೆಚ್ಚು ತೆಗೆದರೆ ದೆವ್ವ ಕಾಯಿಲೆ ತರುತ್ತದೆ. ರಕ್ತಸಂಬಂಧವಿಲ್ಲದವರನ್ನು ಒಂದು ಮಾಡಿದ ಬಗೆ ಇದು. ಮುಂದೆ ಚೀನಾದ ಕರಾವಳಿಯ ಫೂಜ್ಯೆನ್ ಪ್ರಾಂತದಿಂದ ಸಮುದ್ರ ದಾಟಿ ಹೋದವರು ತಾಯಿ ದೇಗುಲದ ಧೂಪದ ಬೂದಿಯನ್ನು ಒಯ್ದು ಹೊಸ ಊರಿನಲ್ಲಿ ದೇಗುಲ ಕಟ್ಟಿದರು. ಸಿಂಗಪುರದಲ್ಲಿ 1842ರಲ್ಲಿ ಮುಗಿದ ತ್ಯಾನ್ ಹಾಕ್ ಕೆಂಗ್ ಕಡಲ ದೇವತೆ ಮಾಜೂಳ ಗುಡಿ. ಹೊಸದಾಗಿ ಬಂದವರಿಗೆ ಊರಿನವರ ಪರಿಚಯ ಸಿಗುತ್ತಿದ್ದ ತಾಣವೂ ಅದೇ.

12ನೆಯ ಶತಮಾನದ ತಾವೋ ನೀತಿಗ್ರಂಥಗಳು ಕೊಟ್ಟೂ ಕೇಳದಿರುವ ನೀತಿಯನ್ನು ಮನೆಮನೆಗೆ ತಂದವು. ‘ಉಪಕಾರ ಮಾಡಿ ಪ್ರತಿಫಲ ಬಯಸಬೇಡ, ಕೊಟ್ಟು ಹಳಹಳಿಸಬೇಡ’ ಎಂಬ ಸಾಲು ಅವುಗಳಲ್ಲೊಂದರದು. 1171ರ ಒಂದು ಪುಣ್ಯ–ಪಾಪದ ಲೆಕ್ಕದ ಪುಸ್ತಕವಂತೂ ವಿಧಾನವನ್ನೇ ಹೇಳಿಕೊಡುತ್ತದೆ: ಹಾಸಿಗೆಯ ತಲೆಯ ಬಳಿ ಕುಂಚ, ಮಸಿಕಲ್ಲು, ಪುಸ್ತಕ ಇಟ್ಟುಕೊ, ತಿಂಗಳು, ದಿನ ಬರೆದು ಕೆಳಗೆ ಎರಡು ಸಾಲು ಗೀಚು, ಮಲಗುವಾಗ ಅಂದಿನ ಒಳಿತು ಕೆಡಕುಗಳನ್ನು ತುಂಬು, ತಿಂಗಳಿಗೊಮ್ಮೆ ಸಣ್ಣ ಲೆಕ್ಕ, ವರ್ಷಕ್ಕೊಮ್ಮೆ ದೊಡ್ಡ ಲೆಕ್ಕ. ಲಾವೋತ್ಸೆಯ ಬಿದಿರಿನ ಹೋಳು ಇಲ್ಲಿ ಇನ್ನೊಂದು ರೂಪ ಪಡೆದಿದೆ. ಲೆಕ್ಕವನ್ನು ಎದುರಿನವನ ಹತ್ತಿರ ಕೇಳುವುದಿಲ್ಲ, ದೇವರ ಹತ್ತಿರ ಒಪ್ಪಿಸುತ್ತಾರೆ.

ಈಗ ಕೆಟ್ಟ ಮುಖ. ‘ಪಡೆಯಬೇಕೆಂದರೆ ಮೊದಲು ಕೊಡು’ ಎಂಬ 36ನೆಯ ಅಧ್ಯಾಯದ ಸಾಲನ್ನು ಕ್ರಿ.ಪೂ. 3ನೆಯ ಶತಮಾನದ ರಾಜತಂತ್ರದ ಚಿಂತಕ ಹಾನ್ ಫೇ ಬಲೆಯ ಸೂತ್ರವಾಗಿ ಓದಿದ. ಜಿನ್ ರಾಜ್ಯದ ದೊರೆ ಯೂ ಎಂಬ ಸಣ್ಣ ರಾಜ್ಯಕ್ಕೆ ಹಸಿರುಶಿಲೆ, ಒಳ್ಳೆಯ ಕುದುರೆ ಉಡುಗೊರೆ ಕೊಟ್ಟು ಆಮೇಲೆ ಅದನ್ನೇ ನುಂಗಿದ್ದು ಅವನ ಉದಾಹರಣೆ. ಇಂದಿನ ಎಷ್ಟೋ ವ್ಯವಹಾರ ತಂತ್ರದ ಪುಸ್ತಕಗಳು ತಾವೋ ಹೆಸರಿನಲ್ಲಿ ಮಾರುವುದು ಹಾನ್ ಫೇಯ ಈ ಓದನ್ನೇ. ನನ್ನ ಮಟ್ಟಿಗೆ ಇದು ಲಾವೋತ್ಸೆಗೆ ಮಾಡುವ ಅನ್ಯಾಯ, ಏಕೆಂದರೆ ಅದೇ ಗ್ರಂಥ ಬಿಡದೆ ಹೇಳುವುದು ಸೆಳೆಯುವ ಕೈಯನ್ನು ಸಡಿಲಿಸು ಎಂದು. ಆದರೂ ಅಂಥವರು ಇದ್ದಾರೆ. ಗುರುತಿಸಲು ಒಂದು ದಾರಿ: ಉಡುಗೊರೆ ಬಂದ ಕೆಲವೇ ದಿನಗಳಲ್ಲಿ ದೊಡ್ಡ ಕೋರಿಕೆ ಬಂದರೆ ಅದು ರೆನ್‌ಚಿಂಗ್ ಅಲ್ಲ, ಗಾಳ. ಸರ್ಕಾರಿ ಅಧಿಕಾರಿಗಳ ಔತಣ, ಉಡುಗೊರೆಗಳ ಮೇಲೆ 2012ರ ಡಿಸೆಂಬರ್‌ನಿಂದ ಬಿಗಿ ನಿಯಮಗಳಿವೆ. ಖಾಸಗಿ ಕಂಪನಿಯ ನೌಕರನಿಗೆ ಲಂಚ ಕೊಡುವುದೂ ಚೀನಾದ ದಂಡ ಸಂಹಿತೆಯಲ್ಲಿ ಅಪರಾಧ. ಅವರ ಖರೀದಿ ವಿಭಾಗದವರಿಗೋ ತಪಾಸಣೆಯವರಿಗೋ ಗುಟ್ಟಾಗಿ ಏನಾದರೂ ಕೊಟ್ಟು ಕೆಲಸ ಮಾಡಿಸಿಕೊಳ್ಳಲು ಹೋಗಬೇಡಿ.

ಇನ್ನು ನಿಮ್ಮ ಗಂಟು. ಗುಂಪಿನಲ್ಲಿ ಹಾಕಿದ ಸಂದೇಶವನ್ನು ವೀಚಾಟ್‌ನಲ್ಲಿ 2 ನಿಮಿಷದೊಳಗೆ ಮಾತ್ರ ಹಿಂದೆ ತೆಗೆದುಕೊಳ್ಳಬಹುದು, ಆ ಅವಕಾಶ ಹೋಯಿತು. ಅದರ ಮೇಲೆ ಇನ್ನೊಂದು ಮಾತೂ ಅಲ್ಲಿ ಬರೆಯಬೇಡಿ, ಕ್ಷಮೆಯನ್ನೂ ಅಲ್ಲಿ ಕೇಳಬೇಡಿ. ಕ್ಷಮೆ ಕೇಳಿದರೆ ಮರೆತವರಿಗೂ ನೆನಪಾಗುತ್ತದೆ. ನಿಮ್ಮಿಬ್ಬರಿಗೂ ಪರಿಚಯ ಮಾಡಿಸಿದವರು ಇದ್ದರೆ, ಏಜೆಂಟರೋ ಇನ್ನೊಬ್ಬ ಗಿರಾಕಿಯೋ, ಮೊದಲು ಅವರಿಗೆ ಫೋನ್ ಮಾಡಿ. ‘ಅವಸರ ಪಟ್ಟೆ, ನಮ್ಮ ಗಿರಾಕಿಯ ಒತ್ತಡ ಇತ್ತು’ ಎಂದು ಅವರಿಗೆ ಹೇಳಿದರೆ ಸಾಕು, ಅದು ತಲುಪಬೇಕಾದಲ್ಲಿಗೆ ತಲುಪುತ್ತದೆ. ಒಂದು ವಾರ ಬಿಟ್ಟು ಮಾಲೀಕರಿಗೇ ನೇರ ಕರೆ ಮಾಡಿ. ಬರೆದ ಸಂದೇಶಕ್ಕಿಂತ ದನಿ ಮೇಲು, ಸಾಧ್ಯವಾದರೆ ಹೋಗುವುದು ಇನ್ನೂ ಮೇಲು. ಇಬ್ಬರೇ ಕೂತಾಗ ನೇರವಾಗಿ ಮಾತಾಡಿ, ಆದರೆ ಅವರು ಇಳಿಯಲು ಮೆಟ್ಟಿಲು ಇಟ್ಟುಕೊಂಡೇ ಮಾತಾಡಿ: ಪುಡಿಬಣ್ಣದ ಈ ಕಂತು ಬೇರೆ ಇತ್ತೇನೋ, ಬಣ್ಣ ಹಚ್ಚುವ ಮೊದಲಿನ ತೊಳೆತದಲ್ಲಿ ಎಣ್ಣೆ ಉಳಿದಿತ್ತೇನೋ, ಹಡಗಿನಲ್ಲಿ ತೇವ ತಗುಲಿತೇನೋ. ಅವರು ಅದರಲ್ಲಿ ಒಂದನ್ನು ಹಿಡಿದರೆ ತಪ್ಪು ಒಪ್ಪಿಕೊಂಡಂತೆಯೇ. ಬಾಯಿಬಿಟ್ಟು ‘ನಮ್ಮ ತಪ್ಪು’ ಎನ್ನಿಸಲು ಹಟ ಹಿಡಿಯಬೇಡಿ.

ಹಣ ವಾಪಸ್ ಕೇಳುವ ಬದಲು ಮುಂದಿನ ಆರ್ಡರಿನಲ್ಲಿ ಅಷ್ಟು ಕವಚ ಉಚಿತವಾಗಿ ಸೇರಿಸಲು ಕೇಳಿ, ನಷ್ಟದ ಒಂದು ಪಾಲು, ನಾಲ್ಕರಲ್ಲೊಂದು ಎನ್ನೋಣ, ನಾನು ಹೊರುತ್ತೇನೆ ಎನ್ನಿ. ಆನ್ಹುಯಿ ಪ್ರಾಂತದ ತುಂಗ್‌ಚಂಗ್‌ನಲ್ಲಿ ‘ಆರಡಿ ಓಣಿ’ ಇದೆ, ಸುಮಾರು 100 ಮೀಟರ್ ಉದ್ದ, 2 ಮೀಟರ್ ಅಗಲ. ಖಾಂಗ್‌ಶಿ ಚಕ್ರವರ್ತಿಯ ಕಾಲದ ಮಂತ್ರಿ ಚಾಂಗ್ ಯಿಂಗ್‌ನ ಮನೆಯವರು ಗೋಡೆಯ ವಿಚಾರಕ್ಕೆ ನೆರೆಯವರೊಡನೆ ಜಗಳವಾಡಿ, ಅವನ ಪ್ರಭಾವ ಬಳಸುವಂತೆ ರಾಜಧಾನಿಗೆ ಪತ್ರ ಬರೆದರಂತೆ. ಒಂದು ಗೋಡೆಗಾಗಿ ಸಾವಿರ ಮೈಲಿ ದೂರ ಪತ್ರವೇ, ಮೂರಡಿ ಬಿಟ್ಟುಕೊಟ್ಟರೇನಂತೆ ಎಂದು ಅವನು ಪದ್ಯದಲ್ಲಿ ಉತ್ತರಿಸಿದ. ಮನೆಯವರು ಮೂರಡಿ ಹಿಂದೆ ಸರಿದರು, ಅದನ್ನು ಕಂಡು ನೆರೆಯವರೂ ಮೂರಡಿ ಸರಿದರು. ಚಾಂಗ್ ಯಿಂಗ್ ಕನ್ಫ್ಯೂಷಿಯನ್ ವಿದ್ವಾಂಸ, ಆದರೆ ಮೊದಲು ತಾನು ಸರಿಯುವ ಈ ಲೆಕ್ಕ ಲಾವೋತ್ಸೆಯದೇ. ನೀವು ನಾಲ್ಕರಲ್ಲೊಂದು ಪಾಲು ಹೊತ್ತರೆ ಅವರು ಉಳಿದದ್ದನ್ನು ಹೊರದಿರುವುದು ಕಷ್ಟ.

ಎಲ್ಲ ಸರಿಹೋದ ಮೇಲೆ, ಆಗ ಮಾತ್ರ, ಆ ಗುಂಪಿಗೆ ಮರಳಿ. ಹೊಸ ಮಾಲಿನ ಒಳ್ಳೆಯ ಫೋಟೊ ಹಾಕಿ, ಅವರ ಹೆಸರು ಹಿಡಿದು ಧನ್ಯವಾದ ಹೇಳಿ. ಎಲ್ಲರೆದುರು ಕಳೆದದ್ದನ್ನು ಎಲ್ಲರೆದುರೇ ಹಿಂದಿರುಗಿಸಬೇಕು.

ಹೊತ್ತಿನ ವಿಷಯವೂ ಇದೆ. ಚೀನೀ ಹೊಸವರ್ಷ ಜನವರಿ 21 ಮತ್ತು ಫೆಬ್ರವರಿ 20ರ ನಡುವೆ ಬರುತ್ತದೆ. ಬಾಕಿಗಳನ್ನು ಹಬ್ಬದ ಮುನ್ನ ತೀರಿಸುವುದು ಹಳೆಯ ರೂಢಿ, ಹಾಗಾಗಿ ಹಬ್ಬಕ್ಕೆ ಮೂರು ನಾಲ್ಕು ವಾರ ಮುಂಚೆ ಲೆಕ್ಕದ ಮಾತೆತ್ತಿದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಬ್ಬದಿಂದ ಹದಿನೈದು ದಿನ, ದೀಪದ ಹುಣ್ಣಿಮೆಯವರೆಗೆ, ಸಾಲದ ಸುದ್ದಿ ಬೇಡ. ಆಗ ಶುಭಾಶಯ ಮಾತ್ರ. ಆ ದಿನ ಗುಂಪಿನಲ್ಲಿ ಕೆಂಪು ಲಕೋಟೆ (ಹಬ್ಬದ ಹಣದ ಉಡುಗೊರೆ) ಹಾಕುವುದಾದರೆ, ವೀಚಾಟ್‌ನಲ್ಲಿ ಒಬ್ಬರಿಗೆ ಕಳಿಸುವ ಲಕೋಟೆಯ ಮಿತಿ ಸಾಮಾನ್ಯವಾಗಿ 200 ಯುವಾನ್, 24 ಗಂಟೆಯಲ್ಲಿ ತೆರೆಯದಿದ್ದರೆ ವಾಪಸ್ ಬರುತ್ತದೆ. 88 ಚೆನ್ನ, 4 ಇರುವ ಮೊತ್ತ ಬೇಡ.

‘ನೋಡೋಣ’, ‘ವಿಚಾರ ಮಾಡೋಣ’, ‘ಸದ್ಯ ಅನುಕೂಲ ಇಲ್ಲ’ ಎಂಬ ಮೂರು ಮಾತುಗಳಿಗೂ ಬಹುಪಾಲು ಸಂದರ್ಭದಲ್ಲಿ ಅರ್ಥ ಒಂದೇ: ಆಗುವುದಿಲ್ಲ. ಮತ್ತೆ ಅದೇ ಪ್ರಶ್ನೆ ಕೇಳಿದರೆ ಅವರನ್ನು ಮೂಲೆಗೆ ಒತ್ತಿದಂತೆ. ಪ್ರಶ್ನೆಯ ರೂಪ ಬದಲಿಸಿ: ‘ಆಗುತ್ತದೆಯೇ’ ಎನ್ನುವ ಬದಲು ‘ಎಷ್ಟು ಆರ್ಡರ್ ಕೊಟ್ಟರೆ ಆದೀತು’ ಎನ್ನಿ.

ಕೊನೆಯದಾಗಿ ಕರಾರು. ಸಂಬಂಧ ಚೆನ್ನಾಗಿದೆ, ಕಾಗದ ಏಕೆ ಎಂದು ಆರು ವರ್ಷ ಬಿಟ್ಟಿದ್ದರೆ ಅದು ತಪ್ಪು. ಎಡಗಡೆಯ ಹೋಳು ಕೈಯಲ್ಲಿರುವವನು ಮಾತ್ರ ಕೇಳದೆ ಇರಬಲ್ಲ. ಹೋಳೇ ಇಲ್ಲದವನು ಗುಂಪಿನಲ್ಲಿ ಕೂಗಬೇಕಾಗುತ್ತದೆ. ಇಬ್ಬರೂ ಸಹಿ ಮಾಡಿದ ಮಾದರಿ ಕವಚ ಎರಡೂ ಕಡೆ ಒಂದೊಂದಿರಲಿ. ಬಣ್ಣದ ದಪ್ಪವನ್ನು ಮೈಕ್ರಾನ್‌ನಲ್ಲಿ ಬರೆಯಿರಿ, ಅಂಟು ನೋಡುವ ಚೌಕಗೀರಿನ ಪರೀಕ್ಷೆ ಸೇರಿಸಿ. ಶೇಕಡಾ 30 ಮುಂಗಡ, 70 ತಪಾಸಣೆ ಮುಗಿದ ಮೇಲೆ. ತಪಾಸಣೆಗೆ ಎಕ್ಯೂಎಲ್ (ಒಪ್ಪಬಹುದಾದ ದೋಷದ ಮಿತಿ) 2.5 ಸಾಮಾನ್ಯ: 3,000 ಕವಚದ ಕಂತಾದರೆ 125 ತೆಗೆದು ನೋಡುತ್ತಾರೆ, ದೊಡ್ಡ ದೋಷ 7ರವರೆಗೆ ಸರಿ, 8 ಆದರೆ ಕಂತು ವಾಪಸ್. ತಪಾಸಣೆಯನ್ನು ಹೊರಗಿನ ಸಂಸ್ಥೆಗೆ ವಹಿಸಿ, ವರದಿ ಮೊದಲು ಮಾಲೀಕರೊಬ್ಬರಿಗೇ ಹೋಗುವಂತೆ ನೋಡಿಕೊಳ್ಳಿ. ಇದನ್ನೆಲ್ಲ ಈ ಜಗಳದ ಪರಿಹಾರವೆಂದು ಮುಂದಿಡಬೇಡಿ. ಮುಂದಿನ ದೊಡ್ಡ ಆರ್ಡರಿನ ಜತೆ, ನಮ್ಮ ಬ್ಯಾಂಕಿನವರು ಕೇಳುತ್ತಿದ್ದಾರೆ ಎಂಬಂಥ ನಿಜವಾದ ಕಾರಣವಿದ್ದರೆ ಅದನ್ನು ಹೇಳಿ, ಕಳಿಸಿ.